ಟೆರಿಟರಿ ಕಾಲದ ರೆಸ್ಲಿಂಗ್ ಪಂದ್ಯಗಳನ್ನು ನೋಡುವುದು, ವಿಮರ್ಶೆ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೆಯ ಪ್ರೊ ರೆಸ್ಲಿಂಗ್ ನೋಡಿ ಬರೆಯುವವನು ಅಂತ ಗೊತ್ತಾದ ಮೇಲೆ ಗೆಳೆಯರು, ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಧಾಟಿಯಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಈಗಾಗಲೇ ನೋಡುತ್ತಿರುವವರು ಮೂರನೇ ಭಾಗದಿಂದ ಶುರು ಮಾಡಬಹುದು.

## ಮೊದಲ ಪರಿಚಯ

ಟೆರಿಟರಿ ಕಾಲ ಅಂದ್ರೆ ಯಾವುದು?

1940ರ ದಶಕದ ಕೊನೆಯಿಂದ 1980ರ ದಶಕದ ಕೊನೆಯವರೆಗೆ ಅಮೆರಿಕ, ಕೆನಡಾಗಳಲ್ಲಿ ರೆಸ್ಲಿಂಗ್ ಸೀಮೆವಾರು ಹಂಚಿಹೋಗಿತ್ತು. ಒಂದೊಂದು ಸೀಮೆಗೆ ಒಬ್ಬ ಪ್ರಮೋಟರ್, ಅವನದೇ ಒಂದು ತಂಡ, ಅವನದೇ ಟಿವಿ ಕಾರ್ಯಕ್ರಮ. ಆ ಸೀಮೆಯೇ ಟೆರಿಟರಿ. 1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಊರಿನಲ್ಲಿ ಕೆಲವು ಪ್ರಮೋಟರ್‌ಗಳು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲೈಯನ್ಸ್ ಎಂಬ ಒಕ್ಕೂಟ ಮಾಡಿಕೊಂಡರು. ಎನ್‌ಡಬ್ಲ್ಯೂಎ ಅಂದರೆ ಇದೇ. ಒಬ್ಬರ ಸೀಮೆಗೆ ಇನ್ನೊಬ್ಬರು ಕೈಹಾಕಬಾರದು, ಎಲ್ಲರೂ ಒಪ್ಪಿದ ಒಬ್ಬ ವಿಶ್ವ ಚಾಂಪಿಯನ್ ಊರೂರು ಸುತ್ತಬೇಕು ಅನ್ನುವುದು ಒಪ್ಪಂದ.

ಎಲ್ಲರೂ ಇದರೊಳಗೆ ಉಳಿಯಲಿಲ್ಲ. ಮಿನಿಯಾಪೊಲಿಸ್‌ನ ವರ್ನ್ ಗಾನ್ಯ 1960ರಲ್ಲಿ ಎಡಬ್ಲ್ಯೂಎ ಕಟ್ಟಿದರು. ನ್ಯೂಯಾರ್ಕ್ ಕಡೆಯವರು 1963ರಲ್ಲಿ ಬೇರೆಯಾದರು; ಅವರದೇ ಮುಂದೆ ಡಬ್ಲ್ಯೂಡಬ್ಲ್ಯೂಎಫ್ ಆಯಿತು, ಇವತ್ತಿನ ಡಬ್ಲ್ಯೂಡಬ್ಲ್ಯೂಇ. ಆದರೂ ಕೆಲಸದ ರೀತಿ ಎಲ್ಲೆಡೆ ಒಂದೇ. ವಾರಕ್ಕೊಮ್ಮೆ ಟಿವಿಯಲ್ಲಿ ಜಗಳ ತೋರಿಸುವುದು, ಜನ ಟಿಕೆಟ್ ತಗೊಂಡು ಅದರ ತೀರ್ಮಾನ ನೋಡಲು ಬರುವಂತೆ ಮಾಡುವುದು.

ಯಾರು ಗೆಲ್ಲಬೇಕು ಅಂತ ಮೊದಲೇ ನಿರ್ಧಾರ ಆಗಿರುತ್ತಲ್ಲ, ಅದಕ್ಕೇನು ವಿಮರ್ಶೆ?

ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ಆ ದಿನದ ಕೀಚಕ ಯಾರು, ಹೇಗೆ ಮಾಡಿದ ಅಂತ ಮರುದಿನ ಚರ್ಚೆ ಆಗುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಫಲಿತಾಂಶ ಮೊದಲೇ ಗೊತ್ತಿರುವುದು ಆಡುವವರಿಗೆ. ನಾವು ನೋಡಬೇಕಾದದ್ದು ಅಲ್ಲಿಗೆ ಹೋಗುವ ದಾರಿಯನ್ನು. ಜನರನ್ನು ಹೇಗೆ ನಂಬಿಸಿದರು, ಯಾವಾಗ ಕೈಬಿಟ್ಟರು, ಯಾವ ಕ್ಷಣದಲ್ಲಿ ಎಬ್ಬಿಸಿ ನಿಲ್ಲಿಸಿದರು ಅನ್ನುವುದರಲ್ಲಿ ಅಪಾರ ಕೌಶಲ ಇದೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಆ ಕಾಲದಲ್ಲಿ ಇದು ನಿಜವಾದ ಸ್ಪರ್ಧೆ ಎಂದೇ ಹೇಳಿಕೊಳ್ಳುತ್ತಿದ್ದರು. ಆ ಗುಟ್ಟು ಕಾಯುವುದಕ್ಕೆ ಕೇಫೇಬ್ ಅಂತ ಹೆಸರು. ನಾಯಕನೂ ಖಳನೂ ಒಂದೇ ಕಾರಿನಲ್ಲಿ ಹೋಗುವುದನ್ನು ಜನ ನೋಡಿದರೆ ಕೆಲಸವೇ ಹೋಗುವ ಕಾಲ ಅದು.

ನಮ್ಮ ಮೈಸೂರು ದಸರಾ ಕುಸ್ತಿಗೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ನೇರ ಸಂಬಂಧ ಇಲ್ಲ. ಗರಡಿ ಮನೆಯ ನಾಡಕುಸ್ತಿ ಮಟ್ಟಿಯ ಮೇಲೆ ನಡೆಯುವ ನಿಜವಾದ ಸ್ಪರ್ಧೆ. ಆದರೆ ಭಾರತಕ್ಕೂ ಪ್ರೊ ರೆಸ್ಲಿಂಗ್‌ಗೂ ಹಳೆಯ ನಂಟಿದೆ. ದಾರಾ ಸಿಂಗ್ ಅದರ ದೊಡ್ಡ ಹೆಸರು. ಎನ್‌ಡಬ್ಲ್ಯೂಎ ಚಾಂಪಿಯನ್ ಆಗಿ ವರ್ಷಗಟ್ಟಲೆ ಮೆರೆದಿದ್ದ ಲೂ ಥೆಜ್ 1968ರಲ್ಲಿ ಮುಂಬೈಗೆ ಬಂದು ದಾರಾ ಸಿಂಗ್ ಎದುರು ಸೋತರು. ಪಂಜಾಬಿನ ಟೈಗರ್ ಜೀತ್ ಸಿಂಗ್ ಕೆನಡಾಕ್ಕೆ ಹೋಗಿ ಟೊರಾಂಟೊದಲ್ಲಿ ದೊಡ್ಡ ಜನ ಸೇರಿಸಿದರು, ಆಮೇಲೆ ಜಪಾನಿನಲ್ಲಿ ಅತಿ ಭಯಂಕರ ಖಳನಾಗಿ ಹೆಸರು ಮಾಡಿದರು.

ನಾನು ತೊಂಬತ್ತರ ದಶಕದ ಟ್ರಂಪ್ ಕಾರ್ಡ್ ಪೀಳಿಗೆ. ನನಗೆ ಗೊತ್ತಿರೋರು ಯಾರಾದ್ರೂ ಅಲ್ಲಿದ್ರಾ?

ಬಹುಪಾಲು ಎಲ್ಲರೂ! ನಮ್ಮ ಊರುಗಳಿಗೆ ಕೇಬಲ್ ಬಂದಾಗ ನಾವು ನೋಡಿದ ಡಬ್ಲ್ಯೂಡಬ್ಲ್ಯೂಎಫ್ ತಾರೆಯರು ಟೆರಿಟರಿಗಳಲ್ಲೇ ಪಳಗಿದವರು. ನೋಟಿನ ಕಂತೆ ಬೀಸುತ್ತಿದ್ದ ಮಿಲಿಯನ್ ಡಾಲರ್ ಮ್ಯಾನ್ ಟೆಡ್ ಡಿಬಿಯಾಸಿ ಅದಕ್ಕೂ ಮೊದಲು ಲೂಯಿಸಿಯಾನ ಕಡೆಯ ಮಿಡ್-ಸೌತ್ ಟೆರಿಟರಿಯ ಬೆನ್ನೆಲುಬು. ಗಿಟಾರ್ ಹಿಡಿದು ಬರುತ್ತಿದ್ದ ಹಾಂಕಿ ಟಾಂಕ್ ಮ್ಯಾನ್ ಟೆನ್ನೆಸೀ ರಾಜ್ಯದ ಮೆಂಫಿಸ್‌ನಲ್ಲಿ ತನ್ನ ಸ್ವಂತ ಹೆಸರು ವೇಯ್ನ್ ಫ್ಯಾರಿಸ್ ಎಂದೇ ಆಡುತ್ತಿದ್ದ. ಅಂಡರ್‌ಟೇಕರ್ ಕೂಡ 1989ರಲ್ಲಿ ಮೆಂಫಿಸ್‌ನಲ್ಲಿ ಮಾಸ್ಟರ್ ಆಫ್ ಪೇನ್ ಎಂಬ ಹೆಸರಿನಲ್ಲಿ ಅಲ್ಲಿನ ದೊಡ್ಡ ತಾರೆ ಜೆರ್ರಿ ಲಾಲರ್ ಎದುರು ನಿಂತಿದ್ದ. ಹಳೆಯ ಪಂದ್ಯಗಳಿಗೆ ಇಳಿಯಲು ಇದು ಒಳ್ಳೆಯ ದಾರಿ. ನಿಮಗೆ ಇಷ್ಟವಾದ ಒಬ್ಬನನ್ನು ಹಿಡಿದು ಹಿಂದಕ್ಕೆ ಹೋಗಿ.

## ನೋಡಲು ಶುರು ಮಾಡುವುದು

ಮೊದಲು ಯಾವ ಪಂದ್ಯ ನೋಡಲಿ? ಒಂದೇ ಒಂದು ಹೇಳಿ.

ಟ್ಯುಪೆಲೊ. 1979ರ ಜೂನ್ 15, ಮಿಸಿಸಿಪ್ಪಿ ರಾಜ್ಯದ ಸಣ್ಣ ಊರು. ಮೆಂಫಿಸ್ ತಂಡ ಅಲ್ಲಿಗೆ ಹೋಗಿ ಆಡಿದ ರಾತ್ರಿ. ಒಂದು ಕಡೆ ಲಾಲರ್ ಮತ್ತು ಬಿಲ್ ಡಂಡೀ, ಇನ್ನೊಂದು ಕಡೆ ಬ್ಲಾಂಡ್ ಬಾಂಬರ್ಸ್ ಎಂಬ ಜೋಡಿ. ಆ ಜೋಡಿಯಲ್ಲಿ ಒಬ್ಬ ಮೇಲೆ ಹೇಳಿದ ವೇಯ್ನ್ ಫ್ಯಾರಿಸ್, ಇನ್ನೊಬ್ಬ ಲ್ಯಾರಿ ಲೇಥಮ್.

ಈ ಪಂದ್ಯ ಪ್ರಸಿದ್ಧವಾಗಿರುವುದು ರಿಂಗಿನೊಳಗೆ ಆದದ್ದಕ್ಕಲ್ಲ. ಅದು ಮುಗಿದ ಮೇಲೆ ನಾಲ್ವರೂ ಹೊಡೆದಾಡುತ್ತಾ ಕಟ್ಟಡದ ತಿಂಡಿ ಮಾರುವ ಅಂಗಡಿಯೊಳಗೆ ನುಗ್ಗುತ್ತಾರೆ. ಕ್ಯಾಮೆರಾ ಹಿಂದೆ ಓಡುತ್ತದೆ. ಸಾಸಿವೆ ಸಾಸಿನ ಜಾಡಿಗಳು ಹಾರುತ್ತವೆ, ಕೈಗೆ ಸಿಕ್ಕಿದ್ದೆಲ್ಲ ಆಯುಧವಾಗುತ್ತದೆ, ನೆಲ ಜಾರುತ್ತದೆ. ಕಾಮೆಂಟೇಟರ್ ಲ್ಯಾನ್ಸ್ ರಸಲ್ ಧ್ವನಿಯಲ್ಲಿ ಗಾಬರಿ ಕೇಳಿಸುತ್ತದೆ. ಚಿತ್ರ ಅಲುಗಾಡುತ್ತದೆ, ಕೆಲವೊಮ್ಮೆ ಏನಾಗುತ್ತಿದೆ ಅಂತಲೇ ಕಾಣುವುದಿಲ್ಲ. ಅದೇ ಅದರ ಶಕ್ತಿ. ಯಾರೂ ಕ್ಯಾಮೆರಾಗೋಸ್ಕರ ಆಡುತ್ತಿಲ್ಲ ಅನ್ನಿಸುತ್ತದೆ.

ಶನಿವಾರ ಬೆಳಿಗ್ಗೆ ಮೆಂಫಿಸ್‌ನ ಚಾನೆಲ್ 5ರಲ್ಲಿ ಈ ತಂಡದ ಕಾರ್ಯಕ್ರಮ ನೇರ ಪ್ರಸಾರ ಆಗುತ್ತಿತ್ತು. ಸೋಮವಾರ ರಾತ್ರಿ ಮೆಂಫಿಸ್‌ನದೇ ಮಿಡ್-ಸೌತ್ ಕೊಲಿಸಿಯಮ್ ಎಂಬ ಸಭಾಂಗಣದಲ್ಲಿ (ಮಿಡ್-ಸೌತ್ ಟೆರಿಟರಿ ಬೇರೆ) ಟಿಕೆಟ್ ಪಂದ್ಯ. ಟ್ಯುಪೆಲೊದ ತುಣುಕನ್ನು ಟಿವಿಯಲ್ಲಿ ತೋರಿಸಿದ್ದು ಆ ಸೋಮವಾರದ ಟಿಕೆಟ್‌ಗೋಸ್ಕರ. ಇದನ್ನು ತಲೆಯಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿ, ಜಗಳದ ಒಂದೊಂದು ತಿರುವಿಗೂ ಕಾರಣ ಕಾಣುತ್ತದೆ. 1981ರಲ್ಲಿ ಇದೇ ಊರಿನಲ್ಲಿ ಇಂಥದ್ದೇ ಇನ್ನೊಂದು ಜಗಳ ಆಯಿತು. ಅದರಲ್ಲಿದ್ದ ಜಪಾನಿನ ಯುವಕ ಅತ್ಸುಶಿ ಒನಿಟಾ 1989ರಲ್ಲಿ ತನ್ನ ದೇಶದಲ್ಲಿ ಎಫ್‌ಎಮ್‌ಡಬ್ಲ್ಯೂ ಎಂಬ ಸಂಸ್ಥೆ ಕಟ್ಟಿ, ಇಂಥ ಹೊಡೆದಾಟವನ್ನೇ ಮುಳ್ಳುತಂತಿ, ಸ್ಫೋಟಗಳವರೆಗೆ ಕೊಂಡೊಯ್ದ.

ಎಲ್ಲಾ ಟೆರಿಟರಿ ಒಂದೇ ಥರ ಕಾಣುತ್ತಲ್ಲ?

ಒಂದು ವಾರ ಒಂದೇ ಟೆರಿಟರಿ ನೋಡಿ, ಮುಂದಿನ ವಾರ ಇನ್ನೊಂದು. ವ್ಯತ್ಯಾಸ ತಾನಾಗಿ ಕಾಣುತ್ತದೆ. ಮೆಂಫಿಸ್‌ನಲ್ಲಿ ಮಾತು, ಗುದ್ದಾಟ, ನಾಟಕ ಜಾಸ್ತಿ. ಲಾಲರ್ ಗುದ್ದುವ ರೀತಿ ನೋಡಲೆಂದೇ ಕೂರಬಹುದು. ಬಿಲ್ ವಾಟ್ಸ್ ನಡೆಸುತ್ತಿದ್ದ ಮಿಡ್-ಸೌತ್‌ನಲ್ಲಿ ಎಲ್ಲವೂ ಒರಟು, ಆದರೆ ಪ್ರತಿಯೊಂದಕ್ಕೂ ಕಾರಣ ಇರುತ್ತದೆ. ಕತೆ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ ಅಂತ ನನ್ನ ಅಭಿಪ್ರಾಯ. ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿದ್ದ ಕ್ರಾಕೆಟ್ ಕುಟುಂಬದ ಕಂಪನಿಯಲ್ಲಿ ಜೋಡಿ ಪಂದ್ಯಗಳಿಗೆ ಮೊದಲಿನಿಂದಲೂ ದೊಡ್ಡ ಜಾಗ. ಡಲ್ಲಾಸ್‌ನ ವರ್ಲ್ಡ್ ಕ್ಲಾಸ್‌ನಲ್ಲಿ ಹಾಡು, ಬೆಳಕು, ಕಿರುಚುವ ಹರೆಯದ ಹುಡುಗಿಯರು. ಸ್ಪೋರ್ಟಟೋರಿಯಂ ಎಂಬ ಆ ಹಳೆಯ ಕಟ್ಟಡದ ಸೆಖೆ ಪರದೆ ದಾಟಿ ಬರುತ್ತದೆ. ಮಿನಿಯಾಪೊಲಿಸ್‌ನ ಗಾನ್ಯ ಅವರಿಗೆ ಹಿಡಿತ, ಪಟ್ಟು ಗೊತ್ತಿರುವ ಅಮೆಚೂರ್ ಕುಸ್ತಿಪಟುಗಳೇ ಬೇಕು. ಕ್ಯಾಲ್ಗರಿಯಲ್ಲಿ ಸ್ಟೂ ಹಾರ್ಟ್ ನಡೆಸುತ್ತಿದ್ದ ಸ್ಟಾಂಪೀಡ್‌ನಲ್ಲಿ ಬ್ರಿಟನ್, ಜಪಾನಿನ ಶೈಲಿಗಳು ಬೆರೆತು ವೇಗ ಹೆಚ್ಚು.

ಫ್ಲಾರಿಡಾ, ಪೋರ್ಟ್‌ಲ್ಯಾಂಡ್, ಪೋರ್ಟೊ ರಿಕೊ ಎಲ್ಲಕ್ಕೂ ತಮ್ಮದೇ ಗುಣ ಇದೆ. ಮೊದಲಿಗೆ ಮೆಂಫಿಸ್ ಮತ್ತು ಮಿಡ್-ಸೌತ್ ಸಾಕು.

ಹತ್ತು ನಿಮಿಷ ಬರೀ ಕೈ ತಿರುಚಿ ಹಿಡ್ಕೊಂಡಿರ್ತಾರೆ. ನಿಮಗೆ ಬೋರ್ ಆಗಲ್ವಾ?

ಬೋರ್ ಆಗುವ ಪಂದ್ಯಗಳೂ ಬೇಕಾದಷ್ಟಿವೆ, ಆದಾಗ ಹಾಗೆಂದೇ ಬರೆಯುತ್ತೇನೆ. ಆದರೆ ಕೈ ಹಿಡಿತ ಅಂದ ತಕ್ಷಣ ಬೇಡ ಅನ್ನಬೇಡಿ. ಹಿಡಿದವನು ಸುಮ್ನೆ ಮಲಗಿದ್ದಾನಾ, ಅಥವಾ ಒತ್ತಡ ಹಾಕುತ್ತಾ, ಜಾಗ ಬದಲಿಸುತ್ತಾ, ಎದುರಾಳಿಯ ಮುಖ ಜನರ ಕಡೆಗೆ ಇರುವಂತೆ ನೋಡಿಕೊಳ್ಳುತ್ತಿದ್ದಾನಾ? ಸಿಕ್ಕಿಬಿದ್ದವನು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಾನಾ? ರಿಕಿ ಸ್ಟೀಮ್‌ಬೋಟ್ ಕೈ ಹಿಡಿದು ಕೂತರೂ ಏನೋ ನಡೆಯುತ್ತಿರುತ್ತದೆ. ಎಳೆದಾಡುತ್ತಾನೆ, ಏಳುತ್ತಾನೆ, ಮತ್ತೆ ಕೆಡವುತ್ತಾನೆ. ಈ ನಿಧಾನದ ಭಾಗ ಇಲ್ಲದಿದ್ದರೆ ಹದಿನೈದನೇ ನಿಮಿಷದಲ್ಲಿ ಜನ ಕುರ್ಚಿ ಬಿಟ್ಟು ಎದ್ದು ನಿಲ್ಲುವುದಿಲ್ಲ.

ಹಳೇ ಪಂದ್ಯಗಳು ಪೂರ್ತಿ ಯಾಕೆ ಸಿಗಲ್ಲ?

ವಿಡಿಯೊ ಟೇಪ್ ದುಬಾರಿ ಇತ್ತು. ಪ್ರಸಾರ ಆದ ಮೇಲೆ ಅದೇ ಟೇಪಿನ ಮೇಲೆ ಮುಂದಿನ ವಾರದ ಕಾರ್ಯಕ್ರಮ ತುಂಬಿಸುತ್ತಿದ್ದರು. ಸೇಂಟ್ ಲೂಯಿಸ್‌ನ ಚೇಸ್ ಹೋಟೆಲಿನಲ್ಲಿ ಶುರುವಾಗಿ 1959ರಿಂದ 1983ರವರೆಗೆ ಪ್ರಸಾರವಾದ ಕಾರ್ಯಕ್ರಮದ ಹೆಚ್ಚಿನ ಭಾಗ ಹೀಗೇ ಅಳಿಸಿಹೋಯಿತು. 1970ರ ದಶಕದ ಕೆರೊಲಿನಾ ಪಂದ್ಯಗಳದೂ ಇದೇ ಗತಿ. ಮುಂದೆ ಎನ್‌ಡಬ್ಲ್ಯೂಎ ವಿಶ್ವ ಚಾಂಪಿಯನ್ ಆದ ರಿಕ್ ಫ್ಲೇರ್ ಬೆಳೆದು ಬಂದ ವರ್ಷಗಳು ನಮಗೆ ಫೋಟೊ, ಪತ್ರಿಕೆ, ಫಲಿತಾಂಶದ ಪಟ್ಟಿಗಳಲ್ಲೇ ಜಾಸ್ತಿ ಸಿಗುತ್ತವೆ. ಇದು ದೊಡ್ಡ ನಷ್ಟ.

ಉಳಿದದ್ದಕ್ಕೆ ಬೇರೆ ಬೇರೆ ಕಾರಣಗಳಿವೆ. ವರ್ಲ್ಡ್ ಕ್ಲಾಸ್ ಕಾರ್ಯಕ್ರಮ ಡಲ್ಲಾಸ್ ಆಚೆಗೂ ಬೇರೆ ಊರುಗಳ ಚಾನೆಲ್‌ಗಳಿಗೆ ಮಾರಾಟ ಆಗುತ್ತಿತ್ತು. ಮಿಡ್-ಸೌತ್‌ನ ಟೇಪುಗಳನ್ನು ಅವರೇ ಜೋಪಾನ ಮಾಡಿದ್ದರು. ಈ ಎರಡೂ ಸಂಗ್ರಹ ಈಗ ಡಬ್ಲ್ಯೂಡಬ್ಲ್ಯೂಇ ಕೈಯಲ್ಲಿವೆ. ಮೆಂಫಿಸ್‌ನದು ಬಹಳಷ್ಟು ಉಳಿದಿದ್ದು ಮನೆಯಲ್ಲಿ ವಿಸಿಆರ್ ಇಟ್ಟು ವಾರವಾರ ರೆಕಾರ್ಡ್ ಮಾಡಿ, ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದ ಅಭಿಮಾನಿಗಳಿಂದ. ಅವರಿಲ್ಲದಿದ್ದರೆ ಇವತ್ತು ವಿಮರ್ಶೆ ಮಾಡಲು ಏನೂ ಇರುತ್ತಿರಲಿಲ್ಲ.

## ವಿಮರ್ಶೆ ಬರೆಯುವುದು

ಬರೆಯೋಕೆ ಕೂತಾಗ ಏನೇನು ಗಮನಿಸಬೇಕು?

ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಈ ಪಂದ್ಯ ಯಾರಿಗೋಸ್ಕರ, ಏನು ಮಾಡಲಿಕ್ಕೆ ನಡೆಯಿತು? ಟೆರಿಟರಿಯ ಪಂದ್ಯ ಜಗತ್ತಿಗೋಸ್ಕರ ಆಡಿದ್ದಲ್ಲ. ಅದೇ ಊರಿನ ಅದೇ ಜನ ಮುಂದಿನ ವಾರವೂ ಅದೇ ಕಟ್ಟಡಕ್ಕೆ ಬರಬೇಕು, ಅದಕ್ಕೋಸ್ಕರ ಆಡಿದ್ದು. ನಲವತ್ತು ವರ್ಷ ಆದ ಮೇಲೆ ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ನೋಡುವ ನಾವು ಅವರ ಲೆಕ್ಕದಲ್ಲೇ ಇರಲಿಲ್ಲ.

ಹಾಗಾಗಿ ಮೊದಲು ಸಂದರ್ಭ ಹುಡುಕಿ. ಹಿಂದಿನ ವಾರ ಟಿವಿಯಲ್ಲಿ ಏನಾಗಿತ್ತು? ಇದು ಜಗಳದ ಶುರುವಾ, ನಡುವಾ, ಕೊನೆಯಾ? ಶುರುವಿನ ಪಂದ್ಯ ಅಪೂರ್ಣವಾಗಿಯೇ ಮುಗಿಯಬೇಕು. ಅದನ್ನು ದೋಷ ಅಂತ ಬರೆದರೆ ತಪ್ಪು. ಕೊನೆಯ ಪಂದ್ಯವೂ ಅಪೂರ್ಣವಾಗಿ ಮುಗಿದರೆ ಆಗ ಕೇಳಬೇಕು.

ಎರಡನೆಯದು ಜನ. ಒಂದು ಸಲ ರಿಂಗ್ ಬಿಟ್ಟು ಮುಂದಿನ ಸಾಲಿನ ಮುಖಗಳನ್ನೇ ನೋಡಿ. ಅಜ್ಜಿಯೊಬ್ಬರು ಖಳನಿಗೆ ಬೆರಳು ತೋರಿಸಿ ಬೈಯುತ್ತಿರುತ್ತಾರೆ. ಮಗುವೊಂದು ಅಪ್ಪನ ತೋಳು ಹಿಡಿದಿರುತ್ತದೆ. ಗದ್ದಲ ಯಾವ ಹೊಡೆತಕ್ಕೆ ಬಂತು, ಯಾವುದಕ್ಕೆ ಬರಲಿಲ್ಲ ಅಂತ ಬರೆದುಕೊಳ್ಳಿ. ರಿಂಗಿನಲ್ಲಿರುವವರು ಕೆಲಸ ಮಾಡುತ್ತಿರುವುದೇ ಆ ಗದ್ದಲದ ಮೇಲೆ. ಒಳ್ಳೆಯ ಖಳ ಜನ ಸುಸ್ತಾಗುವ ಒಂದು ಕ್ಷಣ ಮೊದಲು ನಾಯಕನಿಗೆ ಉಸಿರಾಡಲು ಬಿಡುತ್ತಾನೆ.

ಮೂರನೆಯದು ನೋವು. ಮೊದಲ ಐದು ನಿಮಿಷದಲ್ಲಿ ಕಾಲಿಗೆ ಪೆಟ್ಟಾಗಿದ್ದರೆ ಹದಿನೈದನೇ ನಿಮಿಷದಲ್ಲಿ ಅವನು ಹೇಗೆ ಓಡುತ್ತಾನೆ? ನೆನಪಿಟ್ಟುಕೊಂಡು ಕುಂಟುವವನು ಕಲಾವಿದ.

ಕೊನೆಗೆ ಫಿನಿಶ್, ಅಂದರೆ ಪಂದ್ಯ ಮುಗಿಯುವ ರೀತಿ. 1985ರ ನವೆಂಬರಿನ ಮಿಡ್-ಸೌತ್ ಟಿವಿ ಪಂದ್ಯವೊಂದನ್ನು ತೆಗೆದುಕೊಳ್ಳಿ. ಖಳನಾಗಿದ್ದ ಡಿಬಿಯಾಸಿಗೆ ವಿಶ್ವ ಚಾಂಪಿಯನ್ ಫ್ಲೇರ್ ಜೊತೆ ಅವಕಾಶ ಸಿಗುತ್ತದೆ. ಅದು ತನಗೆ ಸಿಗಬೇಕಿತ್ತು ಅಂತ ಡಿಕ್ ಮರ್ಡಾಕ್ ಸಿಟ್ಟಾಗಿ, ಪಂದ್ಯಕ್ಕೆ ಮೊದಲೇ ಡಿಬಿಯಾಸಿಯ ತಲೆಯನ್ನು ಕಬ್ಬಿಣದ ಕಂಬಕ್ಕೆ ಬಡಿಯುತ್ತಾನೆ. ಡಿಬಿಯಾಸಿ ತಲೆಗೆ ಬ್ಯಾಂಡೇಜು ಕಟ್ಟಿಕೊಂಡು ವಾಪಸ್ ಬರುತ್ತಾನೆ, ರಕ್ತ ಸೋರುತ್ತಲೇ ಆಡುತ್ತಾನೆ, ಗೆಲ್ಲುವುದಿಲ್ಲ. ಆಮೇಲೆ ಮರ್ಡಾಕ್ ಮತ್ತೆ ಬಂದು ಅವನನ್ನು ಬರಿಯ ನೆಲದ ಮೇಲೆ ತಲೆಕೆಳಗಾಗಿ ಕೆಡವುತ್ತಾನೆ. ಬರೀ ಪಟ್ಟುಗಳ ಲೆಕ್ಕ ಹಾಕಿದರೆ ಇದು ಸಾಧಾರಣ ಪಂದ್ಯ. ಆದರೆ ವರ್ಷಗಟ್ಟಲೆ ಜನ ದ್ವೇಷಿಸಿದವನು ಒಂದೇ ಕಾರ್ಯಕ್ರಮದಲ್ಲಿ ಅವರ ಕಣ್ಮಣಿಯಾದ. ಇಂಥದ್ದನ್ನು ಕಾಣದ ವಿಮರ್ಶೆ ನನಗೆ ಅರ್ಧ ವಿಮರ್ಶೆ.

ಐದು ಸ್ಟಾರ್ ಲೆಕ್ಕ ಬಳಸಬೇಕಾ?

ಬಳಸಬಹುದು, ಒತ್ತಾಯವಿಲ್ಲ. ಈ ಪದ್ಧತಿಯನ್ನು ಜನಪ್ರಿಯ ಮಾಡಿದ್ದು 1980ರ ದಶಕದಿಂದ ಸುದ್ದಿಪತ್ರ ನಡೆಸುತ್ತಾ ಬಂದ ಡೇವ್ ಮೆಲ್ಟ್ಜರ್. ಸಾವಿರ ಪಂದ್ಯಗಳ ನಡುವೆ ಯಾವುದನ್ನು ಮೊದಲು ನೋಡಲಿ ಅನ್ನುವವರಿಗೆ ಸ್ಟಾರ್ ಸಹಾಯ ಮಾಡುತ್ತದೆ. ಆದರೆ ಇದು ಉದ್ದ, ವೇಗ, ಪಟ್ಟುಗಳ ಕಡೆಗೆ ವಾಲುತ್ತದೆ ಅಂತ ನನಗೆ ಅನ್ನಿಸುತ್ತದೆ. 1981ರ ಏಪ್ರಿಲ್‌ನಲ್ಲಿ ಲಾಲರ್ ಮತ್ತು ಟೆರ್ರಿ ಫಂಕ್ ಒಬ್ಬನೇ ಒಬ್ಬ ಪ್ರೇಕ್ಷಕ ಇಲ್ಲದ ಕೊಲಿಸಿಯಮ್‌ನಲ್ಲಿ ಹೊಡೆದಾಡಿದರು. ಇಲ್ಲಿನ ಜನ, ರೆಫರಿ ಎಲ್ಲರೂ ಲಾಲರ್ ಕಡೆ ಇದ್ದಾರೆ, ಅದಕ್ಕೇ ಯಾರೂ ಇಲ್ಲದ ಕಡೆ ಬಾ ಅಂತ ಫಂಕ್ ಕರೆದಿದ್ದ. ಖಾಲಿ ಕುರ್ಚಿಗಳ ನಡುವೆ ಅವನ ಕೂಗು, ಬೈಗುಳ ಪ್ರತಿಧ್ವನಿಸುತ್ತವೆ. ಅದಕ್ಕೆ ಎಷ್ಟು ಸ್ಟಾರ್? ಕಡಿಮೆ ಕೊಟ್ಟರೆ ಓದುಗ ನೋಡುವುದಿಲ್ಲ, ಜಾಸ್ತಿ ಕೊಟ್ಟರೆ ಒಳ್ಳೆಯ ಕುಸ್ತಿ ಅಂದುಕೊಂಡು ಹೋಗುತ್ತಾನೆ. ಅಲ್ಲಿ ನಾಲ್ಕು ಸಾಲು ಬರೆಯುವುದೇ ವಾಸಿ.

ಅರ್ಧಂಬರ್ಧ ಸಿಕ್ಕಿದ ಪಂದ್ಯಕ್ಕೆ ರೇಟಿಂಗ್ ಕೊಡಬಹುದಾ?

ಬೇಡ. ಟಿವಿಯಲ್ಲಿ ಬಂದ ತುಣುಕು ಕೊನೆಯ ಆರು ನಿಮಿಷ ಮಾತ್ರ ಆಗಿರಬಹುದು. ಕಂಡಷ್ಟರ ಬಗ್ಗೆ ಬರೆಯಿರಿ, ಎಷ್ಟು ನಿಮಿಷ ಸಿಕ್ಕಿದೆ ಅಂತ ಮೊದಲ ಸಾಲಿನಲ್ಲೇ ಹೇಳಿ.

ಚಾಂಪಿಯನ್ ಪ್ರತಿ ಊರಲ್ಲೂ ಸೋಲೋ ಹಾಗೆ ಆಡಿ, ಕೊನೆಗೆ ಹೇಗೋ ತಪ್ಪಿಸ್ಕೋತಾನೆ. ಇದು ಜನಕ್ಕೆ ಮೋಸ ಅಲ್ವಾ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಏಕೆಂದರೆ ಇಡೀ ವ್ಯವಸ್ಥೆ ನಿಂತಿದ್ದೇ ಇದರ ಮೇಲೆ. ಎನ್‌ಡಬ್ಲ್ಯೂಎ ಚಾಂಪಿಯನ್ನನ ಕೆಲಸ ಗೆಲ್ಲುವುದಷ್ಟೇ ಆಗಿರಲಿಲ್ಲ. ಅವನು ಊರಿಗೆ ಬಂದು ಅಲ್ಲಿನ ನಾಯಕನನ್ನು ವಿಶ್ವ ಮಟ್ಟದವನಂತೆ ತೋರಿಸಿ ಹೋಗಬೇಕು. ಇನ್ನೊಂದೇ ನಿಮಿಷ ಇದ್ದಿದ್ದರೆ ನಮ್ಮವನೇ ಗೆಲ್ಲುತ್ತಿದ್ದ ಅಂತ ಜನ ಮಾತಾಡಿಕೊಳ್ಳುತ್ತಾ ಮನೆಗೆ ಹೋಗಬೇಕು. ಚಾಂಪಿಯನ್ ಮುಂದಿನ ಊರಿಗೆ ಹೊರಟ ಮೇಲೆ ತಿಂಗಳುಗಟ್ಟಲೆ ಟಿಕೆಟ್ ಮಾರಬೇಕಾದದ್ದು ಆ ಸ್ಥಳೀಯ ನಾಯಕನೇ. ಹಾರ್ಲಿ ರೇಸ್, ಜ್ಯಾಕ್ ಬ್ರಿಸ್ಕೊ, ಫ್ಲೇರ್ ಇವರೆಲ್ಲ ವರ್ಷವಿಡೀ ಊರಿಂದ ಊರಿಗೆ ಅಲೆದು ಈ ಕೆಲಸ ಮಾಡಿದವರು. ಬೇರೆ ಬೇರೆ ಶೈಲಿಯ, ಕೆಲವೊಮ್ಮೆ ಏನೂ ಬಾರದ ಎದುರಾಳಿಯನ್ನೂ ಎತ್ತಿ ನಿಲ್ಲಿಸಬೇಕಿತ್ತು. ಫ್ಲೇರ್ ಬೇಡಿಕೊಳ್ಳುವುದು, ಮುಖ ಅಡಿಯಾಗಿ ಬೀಳುವುದು, ಮೂಲೆಯಲ್ಲಿ ತಲೆಕೆಳಗಾಗಿ ಉರುಳುವುದು ಪ್ರತಿ ಪಂದ್ಯದಲ್ಲೂ ಬರುತ್ತದೆ ಅಂತ ದೂರುವವರಿದ್ದಾರೆ. ಆದರೆ ಆ ಊರಿನವರು ಅವನನ್ನು ನೋಡುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ. ಹತ್ತು ಊರಿನ ಟೇಪುಗಳನ್ನು ಒಂದೇ ರಾತ್ರಿ ನೋಡುವ ನಮಗೆ ಮಾತ್ರ ಅದು ಪುನರಾವರ್ತನೆ.

ಮೋಸ ಆಗುತ್ತಿದ್ದದ್ದೂ ನಿಜ. ರೆಫರಿ ಬಿದ್ದಿರುತ್ತಾನೆ, ಇನ್ನೊಬ್ಬ ರೆಫರಿ ಬಂದು ಮೂರು ಎಣಿಸುತ್ತಾನೆ, ಜನ ಕುಣಿಯುತ್ತಾರೆ, ಆಮೇಲೆ ಆ ತೀರ್ಪು ರದ್ದಾಗುತ್ತದೆ. ಕ್ರಾಕೆಟ್ ಕಂಪನಿಯಲ್ಲಿ ತಾನೂ ಕುಸ್ತಿ ಆಡುತ್ತಾ ಕತೆಯನ್ನೂ ಹೆಣೆಯುತ್ತಿದ್ದ ಡಸ್ಟಿ ರೋಡ್ಸ್ ಇದನ್ನು ಎಷ್ಟು ಬಳಸಿದರೆಂದರೆ ಇದಕ್ಕೆ ಡಸ್ಟಿ ಫಿನಿಶ್ ಎಂದೇ ಹೆಸರಾಯಿತು. 1985ರಲ್ಲಿ ಆ ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮವಾದ ಸ್ಟಾರ್‌ಕೇಡ್‌ನಲ್ಲಿ ಡಸ್ಟಿ ವಿಶ್ವ ಚಾಂಪಿಯನ್ ಆದ ಅಂತ ಜನ ಖುಷಿಯಿಂದ ಮನೆಗೆ ಹೋದರು, ಆಮೇಲೆ ಟಿವಿಯಲ್ಲಿ ಅದು ಲೆಕ್ಕಕ್ಕಿಲ್ಲ ಎಂದಾಯಿತು. ಒಂದು ಸಲ ಇದು ಸಿಟ್ಟು ಹುಟ್ಟಿಸುತ್ತದೆ, ಸಿಟ್ಟು ಟಿಕೆಟ್ ಮಾರುತ್ತದೆ. ಪದೇ ಪದೇ ಮಾಡಿದರೆ ಜನ ಬರುವುದನ್ನೇ ನಿಲ್ಲಿಸುತ್ತಾರೆ. ವಿಮರ್ಶೆಯಲ್ಲಿ ಈ ಎರಡನ್ನೂ ಬೇರೆ ಮಾಡಿ ನೋಡಬೇಕು.

ಕಾಮೆಂಟರಿ ಬಗ್ಗೆಯೂ ಬರೀಬೇಕಾ?

ಖಂಡಿತ. ಫ್ಲಾರಿಡಾ, ಜಾರ್ಜಿಯಾಗಳಲ್ಲಿ ಗಾರ್ಡನ್ ಸೋಲಿ ಆಸ್ಪತ್ರೆಯ ಡಾಕ್ಟರಷ್ಟು ಗಂಭೀರವಾಗಿ ಯಾವ ಕೀಲಿಗೆ ಒತ್ತಡ ಬೀಳುತ್ತಿದೆ ಅಂತ ವಿವರಿಸುತ್ತಿದ್ದರು. ಮೆಂಫಿಸ್‌ನ ಲ್ಯಾನ್ಸ್ ರಸಲ್ ಮನೆಯ ಹಿರಿಯರ ಹಾಗೆ. ಅನ್ಯಾಯ ಕಂಡಾಗ ಬೇಸರ ಮುಚ್ಚಿಡುತ್ತಿರಲಿಲ್ಲ. ಅವರ ಪಕ್ಕ ಕೂರುತ್ತಿದ್ದ ಡೇವ್ ಬ್ರೌನ್ ಅದೇ ಚಾನೆಲಿನಲ್ಲಿ ಹವಾಮಾನ ವರದಿ ಹೇಳುತ್ತಿದ್ದವರು. ಮಳೆ ಬಗ್ಗೆ ನಂಬುವ ಮನುಷ್ಯನನ್ನು ಜನ ಕುಸ್ತಿ ಬಗ್ಗೆಯೂ ನಂಬಿದರು. ಮೊದಲು ಧ್ವನಿ ಇಟ್ಟು, ಆಮೇಲೆ ಧ್ವನಿ ತೆಗೆದು ಒಮ್ಮೆ ನೋಡಿ. ಪಂದ್ಯದ ಎಷ್ಟು ಭಾಗ ಇವರದ್ದು ಅಂತ ತಿಳಿಯುತ್ತದೆ.

## ಇನ್ನೂ ಆಳಕ್ಕೆ

ಆ ರಕ್ತ ನಿಜಾನಾ? ಅದನ್ನ ಹೊಗಳೋದು ಸರಿನಾ?

ರಕ್ತ ನಿಜ. ಬ್ಲೇಡಿನ ಸಣ್ಣ ಚೂರನ್ನು ಟೇಪಿನಲ್ಲಿ ಸುತ್ತಿಟ್ಟುಕೊಂಡು, ಜನರಿಗೆ ಕಾಣದ ಹಾಗೆ ತಮ್ಮ ಹಣೆಯನ್ನು ತಾವೇ ಕೊಯ್ದುಕೊಳ್ಳುತ್ತಿದ್ದರು. ಹಲವರ ಹಣೆಯ ಮೇಲೆ ಅದರ ಗುರುತು ಕೊನೆಯವರೆಗೂ ಉಳಿಯಿತು. ಪ್ರತಿ ವಾರ, ಪ್ರತಿ ಪಂದ್ಯಕ್ಕೂ ರಕ್ತ ತೋರಿಸಿದ ಟೆರಿಟರಿಗಳ ಬಗ್ಗೆ ನನಗೆ ಗೌರವ ಕಡಿಮೆ. ಅದರಿಂದ ದೇಹ ಹಾಳು, ಕತೆಗೂ ಲಾಭವಿಲ್ಲ.

ಆದರೆ 1985ರ ನವೆಂಬರ್ 28ರಂದು ಗ್ರೀನ್ಸ್‌ಬರೊದಲ್ಲಿ ನಡೆದ ಮ್ಯಾಗ್ನಮ್ ಟಿಎ ಮತ್ತು ಟಲ್ಲಿ ಬ್ಲಾಂಚರ್ಡ್ ಪಂದ್ಯ ನೋಡಿ. ಕಬ್ಬಿಣದ ಪಂಜರದೊಳಗೆ ಆಟ. ಸೋತೆ ಅಂತ ಮೈಕಿನಲ್ಲಿ ಒಪ್ಪಿಕೊಳ್ಳುವವರೆಗೂ ಮುಗಿಯುವುದಿಲ್ಲ. ಪಟ್ಟುಗಳೇ ಕಡಿಮೆ. ಮೈಕು ಮುಖದ ಹತ್ತಿರ ಹೋದಾಗಲೆಲ್ಲ ನರಳಾಟ ಇಡೀ ಸಭಾಂಗಣಕ್ಕೆ ಕೇಳಿಸುತ್ತದೆ. ಕೊನೆಗೆ ಮುರಿದ ಮರದ ಕುರ್ಚಿಯ ಮೊನೆಯನ್ನು ಮ್ಯಾಗ್ನಮ್ ಟಲ್ಲಿಯ ಹಣೆಗೆ ಒತ್ತಿದಾಗ ಅವನು ಒಪ್ಪಿಕೊಳ್ಳುತ್ತಾನೆ. ಅಲ್ಲಿ ರಕ್ತಕ್ಕೆ ಅರ್ಥ ಇತ್ತು. ತಿಂಗಳುಗಟ್ಟಲೆ ಬೆಳೆದ ದ್ವೇಷ ಬೇರೆ ರೀತಿ ಮುಗಿಯಲು ಸಾಧ್ಯವಿರಲಿಲ್ಲ. ಮುಂದಿನ ವರ್ಷ ಅಕ್ಟೋಬರಿನಲ್ಲಿ ಕಾರು ಅಪಘಾತದಲ್ಲಿ ಮ್ಯಾಗ್ನಮ್‌ನ ಕುಸ್ತಿ ಜೀವನವೇ ಮುಗಿಯಿತು. ಅದಕ್ಕೇ ಈ ಪಂದ್ಯ ಇನ್ನೂ ಕಾಡುತ್ತದೆ.

ಕಪ್ಪು ಜನ, ಅರಬರು, ಜಪಾನಿಯರನ್ನ ಅಷ್ಟು ಕೆಟ್ಟದಾಗಿ ತೋರಿಸ್ತಾರಲ್ಲ, ಅದನ್ನ ಏನು ಮಾಡೋದು?

ಮುಚ್ಚಿಡದೆ ಬರೆಯಬೇಕು. ಮಿಸಿಸಿಪ್ಪಿಯ ಜೇಮ್ಸ್ ಹ್ಯಾರಿಸ್ ಎಂಬ ಕಪ್ಪು ಕುಸ್ತಿಪಟುವಿಗೆ 1982ರಲ್ಲಿ ಮೆಂಫಿಸ್‌ನಲ್ಲಿ ಮೈಗೆಲ್ಲ ಬಣ್ಣ ಬಳಿದು, ಮಾತು ಬಾರದ ಉಗಾಂಡದ ಕಾಡುಮನುಷ್ಯ ಕಮಾಲ ಅಂತ ಮಾಡಿದರು. ಮಿಶಿಗನ್‌ನ ಎಡ್ ಫರ್ಹಾಟ್ ಬೆಂಕಿ ಎಸೆಯುವ ಶೇಖ್ ಆದ. ಕೆನಡಾದವನೊಬ್ಬ ರಷ್ಯಾದ ಇವಾನ್ ಕೋಲೋಫ್ ಆದ. ಊರಿನವರ ಭಯ, ಪೂರ್ವಗ್ರಹವನ್ನೇ ಬಂಡವಾಳ ಮಾಡಿಕೊಂಡ ಕೆಲಸ ಇದು. ಆ ಕಾಲ ಹಾಗಿತ್ತು ಅಂತ ಹೇಳಿ ದಾಟಿಕೊಳ್ಳುವುದು ಸರಿಯಲ್ಲ.

ಇದರ ಜೊತೆಗೇ ಇನ್ನೊಂದು ಮುಖವೂ ಇದೆ. ಸ್ಪುಟ್ನಿಕ್ ಮನ್ರೋ ಎಂಬ ಬಿಳಿಯ ಕುಸ್ತಿಪಟು 1950ರ ದಶಕದ ಕೊನೆಯಲ್ಲಿ ಮೆಂಫಿಸ್‌ನಲ್ಲಿ ಕಪ್ಪು ಅಭಿಮಾನಿಗಳನ್ನು ಮೇಲಿನ ಗ್ಯಾಲರಿಯಲ್ಲೇ ಕೂರಿಸುವುದನ್ನು ವಿರೋಧಿಸಿದ. ಎಲ್ಲರ ಜೊತೆ ಕೆಳಗೆ ಕೂರಿಸದಿದ್ದರೆ ತಾನು ಆಡುವುದಿಲ್ಲ ಅಂದ, ಅದು ನಡೆಯಿತು ಕೂಡ. 1980ರ ದಶಕದ ಶುರುವಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜಂಕ್‌ಯಾರ್ಡ್ ಡಾಗ್ ಇಡೀ ಟೆರಿಟರಿಯ ಅತಿ ದೊಡ್ಡ ನಾಯಕ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮನುಷ್ಯನೊಬ್ಬನ ಹೆಸರಿನ ಮೇಲೆ ಸೂಪರ್‌ಡೋಮ್‌ನಲ್ಲಿ ಜನ ಸೇರುತ್ತಿದ್ದರು. ಫ್ರೀಬರ್ಡ್ಸ್ ಎಂಬ ಖಳರ ತಂಡ ಅವನ ಕಣ್ಣು ಹೋಗುವಂತೆ ಮಾಡಿತು ಎಂಬ 1980ರ ಕತೆಯನ್ನು ಜನ ಎಷ್ಟು ನಂಬಿದರೆಂದರೆ, ಅವನಿಗೆ ಮನೆಯಿಂದ ಹಣ ಕಳಿಸಿದವರೂ ಇದ್ದರಂತೆ. ಅವನ ಪಟ್ಟುಗಳು ಬಹಳ ಕಡಿಮೆ. ಪಟ್ಟು ಮಾತ್ರ ಎಣಿಸುವವರಿಗೆ ಅವನು ಯಾಕೆ ದೊಡ್ಡವನು ಅಂತ ಗೊತ್ತಾಗುವುದೇ ಇಲ್ಲ.

ವಾನ್ ಎರಿಕ್ ಅಣ್ಣತಮ್ಮಂದಿರ ಕತೆ ಗೊತ್ತಾದ ಮೇಲೆ ಆ ಪಂದ್ಯಗಳನ್ನ ನೋಡೋಕೇ ಆಗಲ್ಲ. ನೀವು ಹೇಗೆ ನೋಡ್ತೀರಿ?

ಕಷ್ಟವೇ. ಇವರು ಡಲ್ಲಾಸ್‌ನ ವರ್ಲ್ಡ್ ಕ್ಲಾಸ್ ಪ್ರಮೋಟರ್‌ನ ಮಕ್ಕಳು, ಆ ಟೆರಿಟರಿಯ ನಾಯಕರು. 1982ರ ಕ್ರಿಸ್‌ಮಸ್ ರಾತ್ರಿ ಡಲ್ಲಾಸ್‌ನಲ್ಲಿ ಕೆರ್ರಿ ವಾನ್ ಎರಿಕ್ ಪಂಜರದೊಳಗೆ ಫ್ಲೇರ್‌ನನ್ನು ಸೋಲಿಸುವ ಹೊತ್ತಿಗೆ ಫ್ರೀಬರ್ಡ್ಸ್‌ನ ಟೆರ್ರಿ ಗಾರ್ಡಿ ಪಂಜರದ ಬಾಗಿಲನ್ನು ಅವನ ತಲೆಗೆ ಬಡಿದ. ಆ ಒಂದು ಕ್ಷಣ ಟೆರಿಟರಿಯನ್ನು ವರ್ಷಗಟ್ಟಲೆ ನಡೆಸಿತು. ಅಲ್ಲಿ ಕೂಗುವ ಹುಡುಗ ಹುಡುಗಿಯರಿಗೆ ಮುಂದೇನಾಗುತ್ತದೆ ಅಂತ ಗೊತ್ತಿಲ್ಲ, ನಮಗೆ ಗೊತ್ತು. ಡೇವಿಡ್ 1984ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ತೀರಿಕೊಂಡ. ಮೈಕ್ 1987ರಲ್ಲಿ, ಕ್ರಿಸ್ 1991ರಲ್ಲಿ, ಕೆರ್ರಿ 1993ರಲ್ಲಿ ತಾವಾಗಿಯೇ ಜೀವ ಕಳೆದುಕೊಂಡರು.

1984ರ ಮೇ 6ರಂದು ಟೆಕ್ಸಾಸ್ ಸ್ಟೇಡಿಯಂನಲ್ಲಿ ಡೇವಿಡ್ ನೆನಪಿನ ದಿನ ಕೆರ್ರಿ ಫ್ಲೇರ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಪಂದ್ಯವಾಗಿ ಅದು ಅವರಿಬ್ಬರ ಅತ್ಯುತ್ತಮ ಪಂದ್ಯವಲ್ಲ. ಹಾಗೆಂದು ಬರೆಯುವುದರಲ್ಲಿ ಅಗೌರವ ಏನೂ ಇಲ್ಲ. ದುಃಖವನ್ನು ಟಿಕೆಟ್ ಮಾಡಿ ಮಾರಿದ್ದರ ಬಗ್ಗೆಯೂ ಬರೆಯಬೇಕು. ಆ ಹುಡುಗರು ಚೆನ್ನಾಗಿ ಆಡಿದ ರಾತ್ರಿಗಳನ್ನು ಸಾವಿನ ನೆರಳಾಗಿ ಮಾತ್ರ ನೋಡುವುದು ಬೇಡ ಅಂತ ನನ್ನ ಕೋರಿಕೆ. ಅವರ ಆಟಕ್ಕೆ ಅದರದೇ ಬೆಲೆ ಇದೆ.

ಇಷ್ಟು ಸಾವಿರ ಜನ ಬಂದಿದ್ರು ಅಂತ ಹೇಳ್ತಾರಲ್ಲ, ನಂಬಬಹುದಾ?

ಅನುಮಾನ ಇಟ್ಟುಕೊಂಡೇ ಓದಿ. ಪ್ರಮೋಟರ್‌ಗಳು ಸಂಖ್ಯೆ ಉಬ್ಬಿಸುವುದು ಮಾಮೂಲು. 1987ರ ರೆಸಲ್‌ಮೇನಿಯಾದ 93,173 ಎಂಬ ಸಂಖ್ಯೆ ಬಗ್ಗೆಯೇ ಇನ್ನೂ ವಾದ ಇದೆ. ಸಂಖ್ಯೆಗಿಂತ ಕ್ಯಾಮೆರಾದಲ್ಲಿ ಕಾಣುವ ಖಾಲಿ ಕುರ್ಚಿಗಳನ್ನು ನಂಬಿ.

ಇಷ್ಟು ಚೆನ್ನಾಗಿದ್ದ ವ್ಯವಸ್ಥೆ ಯಾಕೆ ಮುಗಿದುಹೋಯ್ತು?

ಕೇಬಲ್ ಟಿವಿ ಮುಖ್ಯ ಕಾರಣ. ಅಟ್ಲಾಂಟಾದ ಟೆಡ್ ಟರ್ನರ್ ಚಾನೆಲ್ ಉಪಗ್ರಹದ ಮೂಲಕ ದೇಶವಿಡೀ ಕಾಣತೊಡಗಿದಾಗಲೇ ಸೀಮೆಯ ಗೆರೆ ಅಳಿಸತೊಡಗಿತ್ತು. 1982ರಲ್ಲಿ ಅಪ್ಪನಿಂದ ಡಬ್ಲ್ಯೂಡಬ್ಲ್ಯೂಎಫ್ ಕೊಂಡ ವಿನ್ಸ್ ಮೆಕ್‌ಮಹನ್ ಆ ಗೆರೆಗಳನ್ನು ಒಪ್ಪಲೇ ಇಲ್ಲ. ಎಲ್ಲಾ ಕಡೆಯ ತಾರೆಯರನ್ನು ಎಳೆದುಕೊಂಡರು, ಎಲ್ಲಾ ಊರಿನ ಟಿವಿ ಸಮಯ ಕೊಂಡರು. 1984ರ ಜುಲೈ 14ರ ಶನಿವಾರ ಟರ್ನರ್ ಚಾನೆಲ್‌ನಲ್ಲಿ ಜಾರ್ಜಿಯಾ ತಂಡದ ಕಾರ್ಯಕ್ರಮಕ್ಕೆಂದು ಟಿವಿ ಹಾಕಿದವರಿಗೆ ಮೆಕ್‌ಮಹನ್ ಮುಖ ಕಾಣಿಸಿತು. ಅಭಿಮಾನಿಗಳು ಸಿಟ್ಟಾಗಿ ಚಾನೆಲ್‌ಗೆ ದೂರು ಕೊಟ್ಟರು. 1985ರಲ್ಲಿ ಮೆಕ್‌ಮಹನ್ ಆ ಸಮಯವನ್ನು ಕ್ರಾಕೆಟ್‌ಗೆ 10 ಲಕ್ಷ ಡಾಲರಿಗೆ ಮಾರಿದರು. ವಾಟ್ಸ್ 1987ರಲ್ಲಿ ತಮ್ಮ ಕಂಪನಿಯನ್ನು ಕ್ರಾಕೆಟ್‌ಗೆ ಮಾರಿದರು. ಕ್ರಾಕೆಟ್ 1988ರಲ್ಲಿ ಟರ್ನರ್‌ಗೆ ಮಾರಿದರು. ಮೆಂಫಿಸ್ 1997ರವರೆಗೆ ಹೇಗೋ ಉಸಿರು ಹಿಡಿದಿತ್ತು.

ಮೆಕ್‌ಮಹನ್ ಒಬ್ಬರನ್ನೇ ಬೈದರೆ ಪೂರ್ತಿ ಸತ್ಯವಾಗುವುದಿಲ್ಲ. ಹಲವು ಪ್ರಮೋಟರ್‌ಗಳು ಆಟಗಾರರಿಗೆ ಕಡಿಮೆ ಕೊಟ್ಟರು, ತಮ್ಮ ಮಕ್ಕಳನ್ನೇ ಮುಂದೆ ತಂದರು, ಹಳೆಯ ಕತೆಗಳನ್ನೇ ತಿರುವಿ ಹಾಕಿದರು.

ಒಂದು ಗಂಟೆಯ ಪಂದ್ಯವನ್ನ ಹೇಗೆ ವಿಮರ್ಶೆ ಮಾಡೋದು?

ನಿಕ್ ಬಾಕ್‌ವಿಂಕಲ್ ಮತ್ತು ಕರ್ಟ್ ಹೆನಿಗ್ ಪಂದ್ಯದಿಂದ ಅಭ್ಯಾಸ ಮಾಡಿ. 1986ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಆಡಿದ್ದು, ವರ್ಷದ ಕೊನೆಯ ದಿನ ಇಎಸ್‌ಪಿಎನ್‌ನಲ್ಲಿ ಬಂತು. 60 ನಿಮಿಷ, ಸಮ. ಎಡಬ್ಲ್ಯೂಎ ಚಾಂಪಿಯನ್ ಬಾಕ್‌ವಿಂಕಲ್‌ಗೆ ಆಗ 51 ವರ್ಷ, ಹೆನಿಗ್‌ಗೆ 28. ನಮ್ಮಲ್ಲಿ ಹೆನಿಗ್ ಮುಂದೆ ಮಿಸ್ಟರ್ ಪರ್ಫೆಕ್ಟ್ ಆಗಿ ಗೊತ್ತು.

ಒಂದೇ ಸಲ ಕೂತು ನೋಡಿ, ಫೋನ್ ದೂರ ಇಡಿ. ಹತ್ತು ಹತ್ತು ನಿಮಿಷಕ್ಕೊಮ್ಮೆ ಒಂದು ಸಾಲು ಬರೆಯಿರಿ: ಈಗ ಯಾರ ಕೈ ಮೇಲು, ಯಾರಿಗೆ ಸುಸ್ತು, ಬಾಕ್‌ವಿಂಕಲ್ ಯಾವ ಹೊತ್ತಿಗೆ ಸಭ್ಯತೆ ಬಿಟ್ಟ? ಇಲ್ಲಿ ಕತೆ ಇರುವುದು ವಯಸ್ಸಿನಲ್ಲಿ. ಅನುಭವಿ ಶಕ್ತಿ ಉಳಿಸಿಕೊಳ್ಳುತ್ತಾನೆ, ಹುಡುಗ ಖರ್ಚು ಮಾಡುತ್ತಾನೆ. ಆಮೇಲೆ 1987ರ ಮೇ 2ರ ಪಂದ್ಯವನ್ನೂ ನೋಡಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲ್ಯಾರಿ ಜಬಿಸ್ಕೊ ಎಂಬ ಇನ್ನೊಬ್ಬ ಕುಸ್ತಿಪಟು ಕೊಟ್ಟ ಚಿಲ್ಲರೆ ನಾಣ್ಯದ ಸುರುಳಿಯನ್ನು ಮುಷ್ಟಿಯಲ್ಲಿ ಹಿಡಿದು ಹೊಡೆದು ಹೆನಿಗ್ ಬೆಲ್ಟ್ ಗೆದ್ದ. ಒಂದು ಗಂಟೆ ನೇರವಾಗಿ ಹೋರಾಡಿ ಗೆಲ್ಲಲಾಗದ ಹುಡುಗ ಅಡ್ಡದಾರಿ ಹಿಡಿದ. ಎರಡನ್ನೂ ಒಟ್ಟಿಗೆ ಇಟ್ಟು ಒಂದೇ ವಿಮರ್ಶೆ ಬರೆಯಿರಿ.